ದೀಪದ ಮನೆಯ ಹೆಣ್ಣು

ಸಮುದ್ರವನ್ನೇ ಕಾಣದ ನಮ್ಮ ಮನೆಗೆ ಮುಳುಗಿದ ಹಡಗೊಂದರ ಶಾಪ ಬಂದು ವಕ್ಕರಿಸಿದೆ ಎಂದು ನಮ್ಮಜ್ಜಿ ಹೇಳತೊಡಗಿದ್ದು ನಾನು ಆರನೇ ತರಗತಿಯಲ್ಲಿದ್ದಾಗ. ಆಗ ತೊಂಬತ್ತರ ದಶಕ ಇನ್ನೂ ಹೊಸದು. ಅಗ್ರಹಾರದ ಕಿರಿದಾದ ಬೀದಿಯೊಂದರಲ್ಲಿ ನಮ್ಮದು ತೊಟ್ಟಿ ಇರುವ ಹಳೆಯ ಮನೆ. ಮನೆಯ ಮುಂಭಾಗದಲ್ಲೇ ಅಪ್ಪನ ಗ್ರಂಧಿಗೆ ಅಂಗಡಿ. ವಿಭೂತಿ, ಕರ್ಪೂರ, ಅರಿಶಿನದ ಕೊಂಬು, ಲಾವಂಚ, ಅಳಲೆಕಾಯಿ ಎಲ್ಲದರ ವಾಸನೆ ಸೇರಿ ನಮ್ಮ ಶಾಲೆಯ ಪುಸ್ತಕಗಳಿಗೂ ಹತ್ತಿಕೊಂಡಿರುತ್ತಿತ್ತು.

ಆ ಮನೆಗೆ ಬಂದ ಚಿಕ್ಕಮ್ಮ ಕುಂದಾಪುರದ ಕಡೆಯವಳು, ಮೀನುಗಾರರ ಮನೆಯ ಹುಡುಗಿ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಚಿಕ್ಕಪ್ಪ ಕಬ್ಬಿಣದ ತಗಡು ಒತ್ತುವ ಪ್ರೆಸ್ ಮಿಷನ್ ನಡೆಸುತ್ತಿದ್ದರು. ತಯಾರಾಗಿ ಬಂದ ಸಾಮಾನುಗಳನ್ನು ಅಳತೆ ನೋಡಿ ಪಾಸು ಮಾಡುವ ಕೆಲಸ ಅವಳದು. ಇಬ್ಬರೂ ಯಾರಿಗೂ ಹೇಳದೆ ರಿಜಿಸ್ಟರ್ ಮದುವೆಯಾಗಿ, ಒಂದು ವರ್ಷ ಬೇರೆ ಇದ್ದು, ಆಮೇಲೆ ಅಪ್ಪ ಹೋಗಿ ಕರೆದದ್ದಕ್ಕೆ ಮನೆಗೆ ಬಂದರು.

ಅಜ್ಜಿ ಮೊದಲ ದಿನವೇ ಶರತ್ತು ಹಾಕಿದಳು. "ನೋಡಮ್ಮ, ಲಿಂಗಪೂಜೆ ಮಾಡೋ ಮನೆ ಇದು. ಮೀನಿನ ವಾಸನೆ ಬಾಗಿಲೊಳಗೆ ಬರಕೂಡದು."

"ಈ ಊರಲ್ಲಿ ಸಿಗೋ, ಐಸಿನಲ್ಲಿಟ್ಟು ಮೂರು ದಿನ ಆದದ್ದನ್ನ ನಮ್ಮ ಕಡೆ ಮೀನು ಅನ್ನೋದಿಲ್ಲ ಅತ್ತೆ. ನೀವು ಹೆದರಬೇಡಿ" ಎಂದಳು ಚಿಕ್ಕಮ್ಮ. ಅಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಜ್ಜಿ ನಗಲಿಲ್ಲ.

ಭಾನುವಾರ ಮಧ್ಯಾಹ್ನ ಮಾಳಿಗೆಯ ಮೇಲೆ ನನ್ನ ತಲೆ ಬಾಚುತ್ತಾ ಚಿಕ್ಕಮ್ಮ ಕಥೆ ಹೇಳುತ್ತಿದ್ದಳು. ಅವಳ ಊರಿನಲ್ಲಿ ನದಿ ಸಮುದ್ರಕ್ಕೆ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರಂತೆ. ಆ ಅಳಿವೆಯ ಎದುರಿಗೆ ನೀರಿನೊಳಗೆ ಒಂದು ಮರಳ ದಿಬ್ಬ. ಇಳಿತದ ಹೊತ್ತಿನಲ್ಲಿ ಬೆನ್ನು ತೋರಿಸುತ್ತದೆ, ಉಬ್ಬರ ಬಂದಾಗ ಮುಳುಗಿ ಕಾಣದಂತಾಗುತ್ತದೆ. ಅದು ಒಂದೇ ಕಡೆ ಇರುವುದೂ ಇಲ್ಲ. ಮಳೆಗಾಲದಲ್ಲಿ ನದಿ ಕೆಂಪಗೆ ನುಗ್ಗಿ ಬಂದರೆ ದಿಬ್ಬ ಸರಿಯುತ್ತದೆ. ದೋಣಿ ಒಳಗೆ ಬರುವ ದಾರಿಯೂ ಅದರ ಜೊತೆಗೇ ಬದಲಾಗುತ್ತದೆ. ಆ ದಾರಿಗೆ ಬಾಗಿಲು ಎಂದು ಹೆಸರು.

ಬಹಳ ಹಿಂದೆ, ಹಾಯಿ ಕಟ್ಟಿ ಓಡುವ ಪಡಾವು ಎಂಬ ದೊಡ್ಡ ಹಡಗುಗಳ ಕಾಲದಲ್ಲಿ, ಖರ್ಜೂರ ತುಂಬಿಕೊಂಡು ಬರುತ್ತಿದ್ದ ಒಂದು ಪಡಾವು ಆ ದಿಬ್ಬಕ್ಕೆ ಹೊಡೆದು ಒಡೆದುಹೋಯಿತು. ಅದರಲ್ಲಿದ್ದವರು ಒಬ್ಬರೂ ಬದುಕಲಿಲ್ಲ. ಆವತ್ತಿನಿಂದ ಮಳೆ ಹಿಡಿಯುವ ಹೊತ್ತಿಗೆ ಮೋಡ ಕವಿದ ಸಂಜೆ ಆ ಪಡಾವು ಕಾಣಿಸುತ್ತದಂತೆ. ಗಾಳಿ ಒಂದು ಕಡೆಗೆ ಬೀಸುತ್ತಿದ್ದರೆ ಅದರ ಹಾಯಿ ಇನ್ನೊಂದು ಕಡೆಗೆ ಉಬ್ಬಿರುತ್ತದೆ. ನೀರು ಎತ್ತಿ ಹೊರಗೆ ಸುರಿಯುವ ಸದ್ದು ಕೇಳುತ್ತದೆ, ನೀರು ಮಾತ್ರ ಬೀಳುವುದಿಲ್ಲ. ಮೀನಿಗೆ ಹೋದವರ ದೋಣಿ ಹತ್ತಿರ ಬಂದರೆ ಮೇಲಿನಿಂದ ಒಂದು ದನಿ ಕೇಳುತ್ತದೆ: "ಬಾಗ್ಲ್ ಎಲ್ಲಿತ್?" ಬಾಗಿಲು ಎಲ್ಲಿದೆ ಅಂತ. ಉತ್ತರ ಕೊಡಬಾರದು. ಕೊಟ್ಟವನ ಮನೆಯಲ್ಲಿ ವರ್ಷದೊಳಗೆ ಸಾವು.

"ಯಾರಾದ್ರೂ ಉತ್ತರ ಕೊಟ್ಟಿದ್ದಾರಾ?" ಎಂದು ಕೇಳಿದೆ.

"ನನ್ನ ಅಜ್ಜಿ ಪ್ರತಿ ವರ್ಷ ಕೊಡ್ತಿದ್ರು. ಮೊದಲನೇ ಮಳೆ ಬಿದ್ದ ಸಂಜೆ ದಡದ ಮೇಲೆ ನಿಂತು, ಬಾಗಿಲು ಈ ಸಲ ಇಂಥಾ ಕಡೆ ಇದೆ, ಹುಷಾರಾಗಿ ಬನ್ನಿ ಅಂತ ಕೂಗಿ ಹೇಳ್ತಿದ್ರು. ಎಂಬತ್ತು ವರ್ಷ ಬದುಕಿದ್ರು. ದಾರಿ ಕೇಳಿದವರಿಗೆ ಹೇಳ್ದೆ ಇರೋದು ಎಂಥ ಮರ್ಯಾದೆ ಅಂತ ಜಗಳಕ್ಕೇ ನಿಲ್ತಿದ್ರು."

ನನಗೆ ಆ ಅಜ್ಜಿ ಬಹಳ ಹಿಡಿಸಿದಳು. ಕಥೆಯಲ್ಲಿ ಇನ್ನೂ ಒಬ್ಬ ಹೆಂಗಸಿದ್ದಾಳೆ ಎಂಬುದನ್ನು ಚಿಕ್ಕಮ್ಮ ಆಗ ಹೇಳಿರಲಿಲ್ಲ. ಅದನ್ನು ಹೇಳಿದವರು ಅಂಗಡಿಗೆ ಕರ್ಪೂರ ಕೊಳ್ಳಲು ಬರುತ್ತಿದ್ದ ಕರಾವಳಿಯ ಹಿರಿಯರೊಬ್ಬರು. ಪಕ್ಕದ ಬೀದಿಯಲ್ಲಿ ಅವರದೊಂದು ಸಣ್ಣ ಹೋಟೆಲು. ಕೆಟ್ಟವರೇನಲ್ಲ, ಮಾತು ಸ್ವಲ್ಪ ಹೆಚ್ಚು. ಚಿಕ್ಕಮ್ಮ ಯಾವ ಊರಿನವಳು, ಯಾರ ಮನೆಯವಳು ಎಂದು ವಿಚಾರಿಸಿದವರೇ, "ಅಯ್ಯೋ ಮಾರಾಯ್ರೆ, ದೀಪದ ಮನೆ ಹುಡುಗಿಯಾ?" ಎಂದರು. ಅಂಗಡಿಯ ಹಿಂದಿನ ಬಾಗಿಲಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ನಿಂತಿತು.

ಅವರು ಹೇಳಿದ್ದಿಷ್ಟು. ಆ ಪಡಾವು ತಾನಾಗಿ ದಾರಿ ತಪ್ಪಿದ್ದಲ್ಲ. ಊರಿನ ಒಬ್ಬ ಹೆಂಗಸು ದಿಬ್ಬದ ಹತ್ತಿರ ದೀಪ ಹಿಡಿದು ನಿಂತು, ಇದೇ ಬಾಗಿಲು ಎಂದು ನಂಬಿಸಿ, ಹಡಗನ್ನು ಮರಳಿಗೆ ಹತ್ತಿಸಿದಳು. ಒಡೆದ ಹಡಗಿನ ಮಾಲು ಬಾಚಿಕೊಳ್ಳುವ ಆಸೆ. ಸಾಯುವಾಗ ಹಡಗಿನವರು ಶಾಪ ಹಾಕಿದರು: ಆ ಮನೆಯ ಹೆಣ್ಣು ಎಲ್ಲಿಗೆ ಹೋದರೂ ಅಲ್ಲಿಯ ಗಂಡಸಿಗೆ ನೀರಿನಿಂದಲೋ ಕಬ್ಬಿಣದಿಂದಲೋ ಕೇಡು ತಪ್ಪಿದ್ದಲ್ಲ. ಆ ಊರಿನಲ್ಲಿ ಇಂದಿಗೂ ಆ ಮನೆಯವರನ್ನು ಬೇರೆ ಯಾರೂ ತಮ್ಮ ದೋಣಿಗೆ ಹತ್ತಿಸುವುದಿಲ್ಲ.

ಅಪ್ಪ ನಕ್ಕು, ಕರ್ಪೂರ ಕಟ್ಟಿಕೊಟ್ಟು ಕಳಿಸಿದರು. ಅದಾಗಿ ಎರಡು ವಾರಕ್ಕೆ ಕಾರ್ಖಾನೆಯಲ್ಲಿ ಚಿಕ್ಕಪ್ಪನ ಎಡಗೈ ಪ್ರೆಸ್ಸಿಗೆ ಸಿಕ್ಕಿ ಎರಡು ಬೆರಳು ಹೋದವು.

ಆಸ್ಪತ್ರೆಯಿಂದ ಬಂದ ಚಿಕ್ಕಪ್ಪ ತೊಟ್ಟಿಯ ಕಂಬಕ್ಕೆ ಒರಗಿ ಕೂತಿದ್ದ ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಬಿಳಿ ಪಟ್ಟಿ ಸುತ್ತಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದರು. ಅಮ್ಮ ಕಾಫಿ ತಂದುಕೊಟ್ಟಳು. ಅಜ್ಜಿ ಎಲ್ಲರನ್ನೂ ಕರೆದು ಕೂರಿಸಿ, ಚಿಕ್ಕಮ್ಮನ ಮುಖ ನೋಡದೆ ಮಾತು ಶುರುಮಾಡಿದಳು.

"ಆದದ್ದು ಆಗೋಯ್ತು. ಮುಂದೆ ಆಗಬಾರದಲ್ಲ. ಇವಳು ಮಂಗಳವಾರ ಬರಿಗಾಲಲ್ಲಿ ಬೆಟ್ಟ ಹತ್ತಲಿ. ತಾಯಿ ಮುಂದೆ ನಿಂತು, ನಮ್ಮೋರು ಮಾಡಿದ ತಪ್ಪನ್ನ ಕ್ಷಮಿಸು ಅಂತ ತಪ್ಪುಕಾಣಿಕೆ ಹಾಕಿ ಬರಲಿ."

ಚಿಕ್ಕಪ್ಪ ತಲೆ ಎತ್ತಿದರು. "ಅಮ್ಮ, ಆ ಮಿಷನ್ನಿನಲ್ಲಿ ಕೈಗೆ ಅಡ್ಡ ಇರೋ ಗಾರ್ಡ್ ಮುರಿದು ಮೂರು ತಿಂಗಳಾಗಿತ್ತು. ನಾನೇ ಎರಡು ಸಲ ಬರ್ಕೊಟ್ಟಿದ್ದೆ, ರಿಪೇರಿ ಮಾಡಿಸಲಿಲ್ಲ. ಅದಕ್ಕೂ ಇವಳಿಗೂ ಏನು ಸಂಬಂಧ?"

"ಮೂರು ತಿಂಗಳು ಏನೂ ಆಗ್ಲಿಲ್ವಲ್ಲ? ಆವತ್ತೇ ಯಾಕಾಯ್ತು? ಕಬ್ಬಿಣ ಅಂತ ಆ ಹೋಟೆಲಿನೋರು ಬಾಯಿಬಿಟ್ಟು ಹೇಳಿರಲಿಲ್ವ?"

ಚಿಕ್ಕಮ್ಮ ಎದ್ದು ನಿಂತು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೆಟ್ಟ ಹತ್ತೋದಕ್ಕೆ ನನಗೇನೂ ಕಷ್ಟ ಇಲ್ಲ ಅತ್ತೆ. ತಾಯಿನ ನೋಡೋಕೆ ಅಂದ್ರೆ ನಾಳೆ ಬೆಳಿಗ್ಗೇನೇ ಸಾವಿರ ಮೆಟ್ಟಿಲೂ ಹತ್ತುತೀನಿ. ತಪ್ಪಾಯ್ತು ಅಂತ ಹೇಳೋಕೆ ಅಂದ್ರೆ ಒಂದು ಮೆಟ್ಟಿಲೂ ಹತ್ತೋದಿಲ್ಲ."

"ಹಿರಿಯರ ಎದುರಿಗೆ ಇಂಥ ಮಾತಾ?" ಎಂದಳು ಅಜ್ಜಿ.

"ಹಿರಿಯರ ಮಾತೇ ಹೇಳ್ತೀನಿ, ಕೇಳಿ. ದೀಪ ಹಿಡಿದವಳು ನನ್ನ ಮುತ್ತಜ್ಜಿ. ಅದು ಸುಳ್ಳಲ್ಲ. ಆಗ ನನ್ನ ಅಜ್ಜಿಗೆ ಆರು ವರ್ಷ. ದಡದ ಮೇಲೆ ನಿಂತು ಎಲ್ಲಾ ನೋಡಿದವರು ಅವರು. ಹೋಟೆಲ್ಲಿನೋರು ನೋಡಿದ್ರಾ?"

ಆಮೇಲೆ ಅವಳು ಹೇಳಿದ ಕಥೆಯನ್ನು ತೊಟ್ಟಿಯಲ್ಲಿ ಕೂತ ನಾವೆಲ್ಲ ಕೇಳಿದೆವು. ಅಜ್ಜಿಯೂ ಕೇಳಿದಳು.

ಆ ವರ್ಷ ಮಳೆ ಬೇಗ ಬಂದಿತ್ತಂತೆ. ಘಟ್ಟದ ಮೇಲೆ ಸುರಿದ ಮಳೆಗೆ ನದಿ ಉಕ್ಕಿ, ಒಂದೇ ವಾರದಲ್ಲಿ ಹಳೆಯ ಬಾಗಿಲು ಮರಳಿನಿಂದ ಮುಚ್ಚಿಹೋಗಿ ಬೇರೆ ಕಡೆ ಹೊಸ ಬಾಗಿಲು ತೆರೆದಿತ್ತು. ಸಮುದ್ರಕ್ಕೆ ಹೋಗಿದ್ದ ಗಂಡಸರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಳಿತದಲ್ಲಿ ನೀರಿಗಿಳಿದು ಕಪ್ಪೆಚಿಪ್ಪು ಹೆಕ್ಕುತ್ತಿದ್ದ ಹೆಂಗಸರಿಗೆ. ಎಲ್ಲಿ ಮೊಣಕಾಲುದ್ದ, ಎಲ್ಲಿ ಕತ್ತುದ್ದ ಎಂಬುದನ್ನು ಅವರ ಕಾಲೇ ಹೇಳುತ್ತಿತ್ತು. ಮುತ್ತಜ್ಜಿಯ ಗಂಡ ಅದಕ್ಕೂ ಮುಂಚೆ ದೂರದ ಮೀನಿಗೆ ಹೋದವನು ಆ ಸಂಜೆಯಾದರೂ ಬಂದಿರಲಿಲ್ಲ. ಗಾಳಿ ಎದ್ದಿತು. ಅವಳು ಮಗಳನ್ನು ದಡದಲ್ಲಿ ನಿಲ್ಲಿಸಿ, ಲಾಟೀನು ತಲೆಯ ಮೇಲೆತ್ತಿ ಹಿಡಿದು, ಹೊಸ ಬಾಗಿಲಿನ ಅಂಚಿನಲ್ಲಿ ಎದೆಮಟ್ಟ ನೀರಿನಲ್ಲಿ ನಿಂತಳು. ಗಂಡನ ದೋಣಿ ಆ ಬೆಳಕು ನೋಡಿಕೊಂಡು ಒಳಗೆ ಬಂತು. ಹಿಂದೆಯೇ ಪಡಾವು ಬರುತ್ತಿತ್ತು. ಅವಳು ಲಾಟೀನು ಬೀಸಿ ಕೂಗಿದಳು. ಗಂಡನೂ ಕೂಗಿದ. ಪಡಾವಿನ ಯಜಮಾನ ಮೂವತ್ತು ವರ್ಷ ಅದೇ ಅಳಿವೆಯಲ್ಲಿ ಓಡಾಡಿದವನು. ಯಾವಳೋ ಹೆಂಗಸು ನೀರಿನಲ್ಲಿ ನಿಂತು ತನಗೆ ದಾರಿ ತೋರಿಸುವುದೇ ಎಂದು ಹಳೆಯ ಬಾಗಿಲಿಗೇ ತಿರುಗಿಸಿದ. ಅಲ್ಲಿ ಬಾಗಿಲಿರಲಿಲ್ಲ.

"ಮಾಲು ಹೋಯ್ತು, ಜನ ಹೋದ್ರು. ಸತ್ತೋನನ್ನ ಬೈಯೋಕೆ ಆಗತ್ತಾ? ಬದುಕಿದ್ದ ಹೆಂಗಸು ಸಿಕ್ಕಿದ್ಲು. ಅವತ್ತಿನಿಂದ ನಮ್ಮದು ದೀಪದ ಮನೆ. ನಮ್ಮೂರಿನಲ್ಲಿ ಜ್ವರ ಬಂದ್ರೂ ನಮ್ಮಿಂದ, ಬಲೆ ಹರಿದ್ರೂ ನಮ್ಮಿಂದ. ಅದನ್ನ ಅಲ್ಲೇ ಬಿಟ್ಟು ಬಂದೆ ಅಂದ್ಕೊಂಡಿದ್ದೆ. ಇಲ್ಲಿಗೂ ಬಂದ್ಬುಡ್ತು. ಬರಲಿ ಬಿಡಿ. ನನ್ನ ಮುತ್ತಜ್ಜಿ ಮಾಡಿದ್ದು ತಪ್ಪು ಅಂತ ನಾನಂತೂ ದೇವರ ಮುಂದೆ ಹೇಳೋದಿಲ್ಲ."

ಅಪ್ಪ, "ಅಮ್ಮ, ಸಾಕು ಬಿಡು" ಎಂದರು. ಅಜ್ಜಿಯದು ಒಂದೇ ಹಟ. ಅವಳು ಎದ್ದುಹೋಗಿ ದೇವರಮನೆಯ ಬಾಗಿಲು ಹಾಕಿಕೊಂಡು ಊಟಕ್ಕೂ ಬರಲಿಲ್ಲ. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಚಿಕ್ಕಪ್ಪ ಒಂದೇ ಕೈಯಲ್ಲಿ ಟ್ರಂಕು ಎತ್ತಲು ಹೋಗಿ ಆಗದೆ ನಿಂತಾಗ, ಚಿಕ್ಕಮ್ಮ ಅದರ ಇನ್ನೊಂದು ಹಿಡಿ ಹಿಡಿದುಕೊಂಡಳು. ಇಬ್ಬರೂ ಮೇಟಗಳ್ಳಿಯಲ್ಲಿ ಮಾಳಿಗೆಯ ಮೇಲಿನ ಎರಡು ಕೋಣೆಯ ಮನೆ ಹಿಡಿದರು. ಹೋಗುವಾಗ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿಯೇ ಹೋದರು. ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅಲ್ಲಿಗೆ ಹೋಗಬೇಡ ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೂ ಹೋಗುತ್ತಿದ್ದೆ. ಶನಿವಾರ ಶಾಲೆ ಅರ್ಧ ದಿನ. ಸಿಟಿ ಬಸ್ಸು ಹತ್ತಿ ಮೇಟಗಳ್ಳಿಗೆ ಹೋಗಿ, ಸಂಜೆ ಚಿಕ್ಕಪ್ಪ ಬೀದಿಯ ತಿರುವಿನಲ್ಲಿ ಬಿಟ್ಟುಹೋದ ಮೇಲೆ ಒಬ್ಬಳೇ ನಡೆದು ಮನೆಗೆ ಬರುತ್ತಿದ್ದೆ. "ಆ ಮನೆ ನೀರು ಕುಡಿದು ಬಂದ್ಯಾ?" ಎಂದು ಅಜ್ಜಿ ಕೇಳುತ್ತಿದ್ದಳು. "ನೀರಲ್ಲ ಅಜ್ಜಿ, ಟೀ" ಎನ್ನುತ್ತಿದ್ದೆ.

ಎರಡು ವರ್ಷಕ್ಕೆ ಚಿಕ್ಕಮ್ಮನಿಗೆ ಹೆಣ್ಣು ಮಗುವಾಯಿತು. ಮಗುವಿಗೆ ಮೂರು ತಿಂಗಳಾದಾಗ ಅಜ್ಜಿ ತಾನಾಗಿಯೇ ಹೊರಟಳು. ನಾನು ಜೊತೆಗೆ ಹೋದೆ. ಮಾಳಿಗೆಯ ಮೆಟ್ಟಿಲನ್ನು ಉಸ್ಸೆಂದು ಹತ್ತಿ ಬಾಗಿಲಲ್ಲಿ ನಿಂತ ಅಜ್ಜಿ ಸೊಂಟದ ಚೀಲದಿಂದ ಮಂತ್ರಿಸಿದ ಒಂದು ಕಪ್ಪು ದಾರ ತೆಗೆದಳು.

"ಮಗೂಗೆ ಕಟ್ಟಬೇಕು. ಆ ಶಾಪ ಇದಕ್ಕೆ ತಟ್ಟಬಾರದು ಅಂತ ಮಾಡಿಸ್ಕೊಂಡು ಬಂದಿದ್ದೀನಿ."

ಚಿಕ್ಕಮ್ಮ ಮಗುವನ್ನು ಎತ್ತಿಕೊಂಡೇ ಬಾಗಿಲಿಗೆ ಬಂದಳು. "ಒಳಗೆ ಬನ್ನಿ ಅತ್ತೆ. ನಿಮ್ಮ ಮೊಮ್ಮಗಳು, ಎತ್ತಿಕೊಳ್ಳಿ. ದೃಷ್ಟಿಗೆ ಅಂತ ಕಟ್ಟೋದಾದ್ರೆ ನೂರು ಕಟ್ಟಿ. ಶಾಪಕ್ಕೆ ಅಂತ ಆದ್ರೆ ಬೇಡ. ಅದನ್ನ ಕಟ್ಟಿಸಿಕೊಂಡ್ರೆ ಶಾಪ ಇದೆ ಅಂತ ಇವಳು ಹುಟ್ಟಿದಾಗಿಂದ್ಲೇ ಒಪ್ಪಿಕೊಂಡ ಹಾಗೆ."

ಅಜ್ಜಿ ದಾರವನ್ನು ನೋಡಿದಳು, ಮಗುವನ್ನು ನೋಡಿದಳು. ಕೆಳಗಿನ ಮನೆಯ ಹೆಂಗಸು ಕತ್ತೆತ್ತಿ ನಮ್ಮನ್ನು ನೋಡುತ್ತಿದ್ದಳು. ಕೊನೆಗೆ ಅಜ್ಜಿ ದಾರವನ್ನು ಚೀಲಕ್ಕೆ ಹಾಕಿಕೊಂಡು, "ಬಿಸಿಲಲ್ಲಿ ಬಂದಿದ್ದೀನಿ, ಮಜ್ಜಿಗೆ ಇದ್ಯಾ?" ಎನ್ನುತ್ತಾ ಒಳಗೆ ಬಂದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎರಡು ಗಂಟೆ ಕೂತಳು. ಕ್ಷಮೆ ಕೇಳಲಿಲ್ಲ. ಚಿಕ್ಕಮ್ಮನೂ ಕೇಳಲಿಲ್ಲ. ಆಮೇಲೆ ಹಬ್ಬಗಳಿಗೆ ಹೋಗಿಬರುವುದು ಶುರುವಾಯಿತು. ಹಡಗಿನ ಮಾತು ಮಾತ್ರ ಎರಡೂ ಮನೆಯಲ್ಲಿ ಯಾರೂ ಎತ್ತಲಿಲ್ಲ.

ನಾನು ಆ ದಿಬ್ಬವನ್ನು ಕಣ್ಣಾರೆ ನೋಡಿದ್ದು ಎರಡು ಸಾವಿರದ ಇಸವಿಯ ಆಚೆಗೆ. ಆಗ ನನಗೆ ಹೈಸ್ಕೂಲಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಚಿಕ್ಕಮ್ಮನ ಮಗಳಿಗೆ ಹತ್ತು ವರ್ಷ. ಅವಳ ಜೊತೆ ಆಡುತ್ತಿದ್ದ ಹುಡುಗಿಯೊಬ್ಬಳು, ಕರಾವಳಿಯ ನೆಂಟರಿಂದ ಕೇಳಿಕೊಂಡು, "ನಿಮ್ಮಮ್ಮ ದೆವ್ವದ ಹಡಗಿನೋಳಂತೆ" ಎಂದಿದ್ದಳು. ಮಗಳು ಅಳುತ್ತಾ ಮನೆಗೆ ಬಂದ ದಿನವೇ ಚಿಕ್ಕಮ್ಮ, "ರಜ ಬರಲಿ, ಕರ್ಕೊಂಡು ಹೋಗಿ ತೋರಿಸ್ತೀನಿ" ಎಂದಳು. ನಾನೂ ಹೊರಟೆ.

ಚಿಕ್ಕಪ್ಪನಿಗೆ ನೀರೆಂದರೆ ಭಯ. ಅವರು ನಮ್ಮ ಚಪ್ಪಲಿಗಳನ್ನು ಕಾಯುತ್ತಾ ಅಳಿವೆಯ ದಡದ ಮೇಲೆ ಕೂತರು. ಚಿಕ್ಕಮ್ಮ ದೋಣಿಯವನೊಬ್ಬನನ್ನು ಕೇಳಿದಳು. ಅವಳ ವಯಸ್ಸಿನವನೇ, ಒಟ್ಟಿಗೆ ಶಾಲೆಗೆ ಹೋದವನು. ಅವನು ಮುಖ ತಿರುಗಿಸಿಕೊಂಡು, "ದೀಪದ ಮನೆಯವ್ರನ್ನ್ ನಾವ್ ಹತ್ಸುದಿಲ್ಲ, ನಿಂಗೆ ಗೊತ್ತಿತ್ತಲೆ" ಎಂದ.

"ಬೇಡ ಬಿಡು. ನಡೆದು ಹೋಗ್ತೇವೆ."

ಇಳಿತ ಇನ್ನೂ ನಡೆದಿತ್ತು. ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ, ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾ ನಿಂತಳು. ಎಲ್ಲಿ ಅಲೆ ಮುರಿಯುತ್ತದೆ, ಎಲ್ಲಿ ನೀರು ಸುಮ್ಮನೆ ಜಾರುತ್ತದೆ ಎಂದು ಬೆರಳಿನಿಂದ ತೋರಿಸಿದಳು. ನನಗೆ ಎಲ್ಲಾ ಒಂದೇ ಥರ ಕಂಡಿತು. ಹುಡುಗಿಯನ್ನು ನಡುವೆ ಹಾಕಿಕೊಂಡು ಕೈ ಹಿಡಿದು ಹೋದೆವು. ನೀರು ನನ್ನ ತೊಡೆಯವರೆಗೆ ಬಂದಾಗ ನನಗೆ ಹೆದರಿಕೆಯಾಯಿತು. ವಾಪಸು ಹೋಗೋಣ ಎನ್ನಲು ನಾಚಿಕೆಯಾಗಿ ಹುಡುಗಿಯ ಕೈ ಗಟ್ಟಿಯಾಗಿ ಹಿಡಿದು ನಡೆದೆ.

ದಿಬ್ಬ ಅಷ್ಟೇನೂ ದೊಡ್ಡದಲ್ಲ. ನಮ್ಮ ಬೀದಿಯ ಈ ತುದಿಯಿಂದ ಆ ತುದಿಯಷ್ಟು ಉದ್ದ ಇರಬಹುದು. ಒದ್ದೆ ಮರಳು, ಹಕ್ಕಿಗಳ ಹೆಜ್ಜೆ, ಹರಿದ ಬಲೆಯ ಒಂದು ತುಂಡು. ಹುಡುಗಿ ಹಡಗು ಎಲ್ಲಿ ಎಂದು ಹುಡುಕಿದಳು. ಚಿಕ್ಕಮ್ಮ ಅವಳ ಹೆಗಲು ಹಿಡಿದು ತಿರುಗಿಸಿ, "ಅಲ್ಲಿಂದ ಬಂದದ್ದು. ನಿನ್ನ ಅಜ್ಜಿಯ ಅಜ್ಜಿ ನಿಂತದ್ದು ಆ ಕಡೆ. ಯಾರಾದ್ರೂ ಕೇಳಿದ್ರೆ, ಹೌದು ನಾನು ದೀಪದ ಮನೆಯವಳು, ಮುಂದಕ್ಕೇನು ಕೇಳಬೇಕೋ ಕೇಳು ಅನ್ನು" ಎಂದಳು. ಆಮೇಲೆ ಡಬ್ಬಿ ತೆಗೆದು ಅವಲಕ್ಕಿ ಹಂಚಿದಳು. ಒಂದು ಚಿಟಿಕೆಯನ್ನು ನೀರಿಗೆ ಹಾಕಿದಳು. ಪಡಾವಿನಲ್ಲಿ ಸತ್ತವರಿಗಂತೆ. "ಅವರ ಮೇಲೆ ನನಗೆ ಏನೂ ಸಿಟ್ಟಿಲ್ಲ. ಶಾಪದ ಕಥೆ ಕಟ್ಟಿದ್ದು ಅವರಲ್ಲ, ದಡದ ಮೇಲಿದ್ದವರು."

ನಾವು ಕೂತೇ ಇದ್ದೆವು. ನೀರು ಏರತೊಡಗಿದ್ದು ನಮಗಿಂತ ಮೊದಲು ಚಿಕ್ಕಪ್ಪನಿಗೆ ಗೊತ್ತಾಗಿ, ಟವೆಲ್ ಬೀಸುತ್ತಾ ಕುಣಿಯುತ್ತಿದ್ದರು. ದೋಣಿಯವನಿಗೆ ತಡೆಯಲಾಗಲಿಲ್ಲವೋ ಏನೋ, ಬಿದಿರ ಜಲ್ಲೆ ಊರುತ್ತಾ ನಮ್ಮ ಕಡೆಗೇ ಬಂದ.

"ಹತ್ತಿ ಮಾರಾಯ್ತಿ, ಭರ್ತ ಬಂತ್" ಎಂದು ಕೂಗಿದ. ಉಬ್ಬರ ಬಂತು ಅಂತ.

"ಹತ್ತಿಸೋದಿಲ್ಲ ಅಂದಿದ್ಯಲ್ಲ?"

"ಈಗ ಹತ್ತಿ ಅಂತಿದ್ನಲೆ."

"ಮಗೂನ ಹತ್ತಿಸಿಕೋ. ಇವಳನ್ನೂ. ನಾನು ನಡೀತೇನೆ."

ಅವನು ಬೈದುಕೊಳ್ಳುತ್ತಲೇ ಹುಡುಗಿಯನ್ನು ಎತ್ತಿ ದೋಣಿಗೆ ಹಾಕಿಕೊಂಡ. ನಾನು ಹತ್ತಿದೆ. ಚಿಕ್ಕಮ್ಮ ಸೊಂಟಮಟ್ಟ ನೀರಿನಲ್ಲಿ ಮುಂದೆ ಮುಂದೆ ನಡೆದಳು. ಒಂದು ಕಡೆ ದೋಣಿಯ ತಳ ಮರಳಿಗೆ ಕೆರೆಯಿತು. ಅವಳು ತಿರುಗಿ ನೋಡದೆ ಬಲಗೈ ಚಾಚಿದಳು. ಅವನು ದೋಣಿಯನ್ನು ಬಲಕ್ಕೆ ಒತ್ತಿದ. ದಡಕ್ಕೆ ಬಂದ ಮೇಲೆ ಹುಡುಗಿಯನ್ನು ಇಳಿಸಿ, ಚಿಕ್ಕಮ್ಮನಿಗೆ, "ನಿಂಗೆ ಸೊಕ್ಕ್ ಕಮ್ಮಿ ಆಯ್ಲಿಲ್ಲೆ" ಎಂದ. ಚಿಕ್ಕಮ್ಮ ಸೀರೆ ಹಿಂಡುತ್ತಾ, "ಆಗೋದೂ ಇಲ್ಲ" ಎಂದಳು. ಇಬ್ಬರೂ ನಕ್ಕರು. ಚಿಕ್ಕಪ್ಪ ಮಾತ್ರ ಟವೆಲಿನಿಂದ ಮಗಳ ಕಾಲು ಒರೆಸುತ್ತಲೇ ಇದ್ದರು.

ಇಷ್ಟಾದರೂ ಆ ಊರು ಬದಲಾಯಿತು ಎಂದು ನಾನು ಹೇಳಲಾರೆ. ಈಗಲೂ ಅಲ್ಲಿ ಎರಡೂ ಕಥೆ ಇವೆ. ಯಾವುದು ನಡೆದದ್ದು ಎಂಬುದಕ್ಕೆ ಆರು ವರ್ಷದ ಒಂದು ಹುಡುಗಿಯ ಕಣ್ಣು ಬಿಟ್ಟರೆ ಸಾಕ್ಷಿಯಿಲ್ಲ. ನಾನು ಆ ಕಣ್ಣನ್ನು ನಂಬಿದ್ದೇನೆ. ನನ್ನ ಕ್ಲಾಸಿನಲ್ಲಿ ಮಳೆ ಬಂದು ಪಾಠ ನಿಂತ ಮಧ್ಯಾಹ್ನಗಳಲ್ಲಿ ಮಕ್ಕಳು ದೆವ್ವದ ಕಥೆ ಕೇಳಿದರೆ ಇದನ್ನೇ ಹೇಳುತ್ತೇನೆ, ಚಿಕ್ಕಮ್ಮ ಹೇಳಿದ ಹಾಗೆಯೇ.

ಆ ಸಲ ಕರಾವಳಿಯಿಂದ ಬಂದ ಮಾರನೆಯ ದಿನ ಅಜ್ಜಿ ನನ್ನನ್ನು ಹತ್ತಿರ ಕರೆದಳು. ಎಂಬತ್ತು ದಾಟಿದ್ದಳು. ಕಿವಿ ಮಂದವಾಗಿತ್ತು.

"ಅಲ್ಲಿಗೆ ಹೋಗಿದ್ರಂತೆ?"

"ಹೂಂ ಅಜ್ಜಿ. ದಿಬ್ಬದ ಮೇಲೆ ಕೂತು ತಿಂಡಿನೂ ತಿಂದ್ವಿ."

"ಹೆಣ್ಣು ಮಗೂನ ಕರ್ಕೊಂಡು ಹೋಗೋ ಜಾಗವಾ ಅದು? ಅವಳಿಗೆ ಬುದ್ಧಿ ಇಲ್ಲ, ನಿನಗಾದ್ರೂ ಬೇಡ್ವ?"

"ಏನಾಯ್ತು ಅಜ್ಜಿ? ನೋಡು, ಕೈಕಾಲು ಎಲ್ಲಾ ನೆಟ್ಟಗೇ ಇದೆ."

ಅಜ್ಜಿ ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಆಗೋಕೆ ಇನ್ನೂ ಟೈಮಿದೆ ಕಣೇ" ಎಂದಳು.

ನಾನು ಕೈ ಬಿಡಿಸಿಕೊಂಡು, ಅವಳಿಗೆ ಕೇಳುವಷ್ಟು ಜೋರಾಗಿ, "ಮುಂದಿನ ವರ್ಷ ಮತ್ತೆ ಹೋಗ್ತೀನಿ" ಎಂದೆ. ಹೋಗಿಯೂ ಹೋದೆ.